ಬಾಯಿಗೆ ಅಕ್ಕಿ ಹಾಕಿದವರು

2025ರ ಆಗಸ್ಟ್ 12, ಮಂಗಳವಾರ, ಬೆಳಿಗ್ಗೆ 8.40. ಕಾಮಸಮುದ್ರ ಠಾಣೆಯ ಮೆಟ್ಟಿಲು ಹತ್ತಿದ ಅಮ್ಮಾಜಮ್ಮನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಗಂಡ ಮುನಿಸ್ವಾಮಪ್ಪ ಬಂಗಾರಪೇಟೆಯ ಮಗಳಿಗೆಂದು ಅಕ್ಕಿ ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡು ನಸುಕಿನಲ್ಲೇ ಮೊದಲ ಬಸ್ಸಿಗೆ ಹೊರಟಿದ್ದ. ಎಂಟು ಗಂಟೆಗೆ ಕುರಿ ಕಾಯುವವರು ರಸ್ತೆ ಪಕ್ಕದ ಪೊದೆಯ ಹಿಂದೆ ಅವನ ಹೆಣ ಕಂಡಿದ್ದರು. ಆಕೆಗೆ ಬರೆಯಲು ಬಾರದು. ಜೊತೆಗೆ ಬಂದಿದ್ದ ಗಂಡನ ಅಕ್ಕನ ಮಗ ಸುಧಾಕರನೇ ದೂರು ಬರೆದುಕೊಟ್ಟ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿ ಬೆಳೆಸಿದ್ದು ಈ ಗಂಡಹೆಂಡಿರೇ.

“ಗುದ್ದಿ ಓಡೋದೋನ್ನ ಬಿಡ್ಬೇಡಿ ಕಣಮ್ಮ,” ಎಂದು ಅಮ್ಮಾಜಮ್ಮ ಹೆಬ್ಬೆಟ್ಟು ಒತ್ತಿದಳು.

9.10ಕ್ಕೆ ಪಿಎಸ್‌ಐ ಶಶಿರೇಖ ಎಫ್‌ಐಆರ್ ದಾಖಲಿಸಿದರು. ಭಾರತೀಯ ನ್ಯಾಯ ಸಂಹಿತೆ, ಕಲಂ 106(1): ನಿರ್ಲಕ್ಷ್ಯದಿಂದ ಸಾವು. ಹಳೆಯ ಕಾನೂನಿನಲ್ಲಿ ಇದಕ್ಕೆ ಹೆಚ್ಚೆಂದರೆ ಎರಡು ವರ್ಷ ಜೈಲು, ಈಗ ಐದು. ಆರೋಪಿ: ಅಪರಿಚಿತ ವಾಹನದ ಚಾಲಕ.

10 ಗಂಟೆಗೆ ಸ್ಥಳ ಪಂಚನಾಮೆ. ಹೊಸ ಕಾನೂನು ಬಂದ ಮೇಲೆ ಜಪ್ತಿಯನ್ನೆಲ್ಲ ವಿಡಿಯೊ ಮಾಡಲೇಬೇಕು. ಪೇದೆ ಮುನಿರಾಜ್ ಮೊಬೈಲ್ ಹಿಡಿದು ಹೆಣದ ಸುತ್ತ ಒಂದು ಸುತ್ತು ಬಂದವನು ತಟ್ಟನೆ ನಿಂತ.

“ಮೇಡಂ, ಇಲ್ನೋಡಿ.”

ಹೆಣವನ್ನು ಪೊದೆಯ ಹಿಂದೆ ನೇರವಾಗಿ ಮಲಗಿಸಿ ಮುಖಕ್ಕೆ ಟವೆಲ್ ಹೊದಿಸಿದ್ದರು. ಟವೆಲ್ ಸರಿಸಿದರೆ ಬಾಯಲ್ಲಿ ಅಕ್ಕಿ! ರಸ್ತೆಯ ಮೇಲೆ ಒಂದು ಕಾಳೂ ಚೆಲ್ಲಿರಲಿಲ್ಲ. ಸೈಕಲ್ಲಿನ ಚೀಲ ಎಲ್ಲೂ ಹರಿದಿರಲಿಲ್ಲ, ಅದರ ಬಾಯಿ ಮಾತ್ರ ಬಿಚ್ಚಿತ್ತು.

“ಗುದ್ದಿ ಓಡೋ ಲಾರಿಯೋನು ಬಾಯಿಗೆ ಅಕ್ಕಿ ಆಕಿ ಓಯ್ತಾನಾ ಮೇಡಂ? ಇದು ನೆಂಟರ ಕೈ.”

ಮಧ್ಯಾಹ್ನ 3.15ಕ್ಕೆ ಬಂಗಾರಪೇಟೆಯ ಆಸ್ಪತ್ರೆಯಿಂದ ವೈದ್ಯರ ಫೋನ್ ಬಂತು. ತಲೆಗೆ ಪೆಟ್ಟು. ಶ್ವಾಸನಾಳದಲ್ಲಿ ಎರಡು ಅಕ್ಕಿಕಾಳು. ಉಸಿರಾಡುವ ಮನುಷ್ಯ ಮಾತ್ರ ಹಾಗೆ ಒಳಕ್ಕೆಳೆದುಕೊಳ್ಳಬಲ್ಲ. ಆಮೇಲೂ ಒಂದು ಗಂಟೆ ಜೀವ ಇದ್ದಿರಬೇಕು ಎಂದರು. ಶಶಿರೇಖ ಫೋನಿಟ್ಟರು. ಅಯ್ಯೋ ದೇವರೇ, ಬದುಕಿದ್ದವನಿಗೆ ಅಕ್ಕಿ ಹಾಕಿದ್ದಾರೆ!

ಸಂಜೆ 5.30ಕ್ಕೆ ಹೆಣ ಮಣ್ಣಿಗೆ ಹೊರಟಿತು. ಶಶಿರೇಖ ಮಫ್ತಿಯಲ್ಲಿ ಹೆಂಗಸರ ಹಿಂದೆ ನಿಂತಿದ್ದರು. ಊರ ಹಿರಿಯರು ನೆಂಟರನ್ನು ಒಬ್ಬೊಬ್ಬರನ್ನಾಗಿ ಕರೆದು ಬಾಯಿಗೆ ಅಕ್ಕಿ ಹಾಕಿಸುತ್ತಿದ್ದರು.

“ಬಾರ್ಲಾ ಸುಧಾಕರ, ಸಾಕಿದ್ ಮಾವ ಕಣ್ಲಾ.”

ಸುಧಾಕರ ಅಲುಗಾಡಲಿಲ್ಲ. ಅತ್ತು ಅತ್ತು ಕಣ್ಣು ಊದಿತ್ತು.

“ನಾನ್ ಆಕಿದ್ದೀನಿ,” ಎಂದ.

“ಯಾವಾಗ್ಲಾ ಆಕ್ದೆ? ಈಗ ತಾನೆ ಶುರುವಾಗೈತೆ.”

ಸುಧಾಕರ ಮುಖಕ್ಕೆ ಟವೆಲ್ ಒತ್ತಿಕೊಂಡ. ದುಃಖಕ್ಕೆ ಏನೋ ಬಡಬಡಿಸುತ್ತಾನೆ ಎಂದು ಜನ ಸುಮ್ಮನಾದರು. ಶಶಿರೇಖ ಸುಮ್ಮನಾಗಲಿಲ್ಲ.

“ಏನು ಕೆಲಸ ಅವನದು?” ಎಂದು ಹಿಂದೆ ಬಂದು ನಿಂತಿದ್ದ ಮುನಿರಾಜನನ್ನು ಮೆಲ್ಲಗೆ ಕೇಳಿದರು.

“ಹಾಲಿನ ಟೆಂಪೊ ಓಡಿಸ್ತಾನೆ ಮೇಡಂ. ಬೆಳಿಗ್ಗೆ ಐದೂವರೆಗೆಲ್ಲ ಇದೇ ರಸ್ತೇಲಿ,” ಎಂದ ಮುನಿರಾಜ್.

ಮರುದಿನ 7.20ಕ್ಕೆ ಪಂಚರ ಎದುರು, ವಿಡಿಯೊ ಓಡುತ್ತಿರುವಾಗಲೇ, ಟೆಂಪೊ ಜಪ್ತಿಯಾಯಿತು. ಎಡಗಡೆಯ ಹೆಡ್‌ಲೈಟು ಹೊಚ್ಚ ಹೊಸದು. ಬಂಪರಿನ ಸಂದಿಯಲ್ಲಿ ಸೈಕಲ್ಲಿನ ಹಸಿರು ಬಣ್ಣ. ಸುಧಾಕರನನ್ನು ಜೀಪಿಗೆ ಹತ್ತಿಸಿದರು.

ಠಾಣೆಯಲ್ಲಿ ಪ್ರಶ್ನೆ ಶುರುವಾಯಿತು.

“ಎಷ್ಟು ಹೊತ್ತಿಗೆ?”

“ಐದೂ ಮುಕ್ಕಾಲು. ತಿರುವಲ್ಲಿ ಕಾಣ್ಲಿಲ್ಲ ಮೇಡಂ.”

“ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ?”

“ಮಾವ ಓಗ್ಬಿಟ್ಟವ್ನೆ ಅನ್ಕೊಂಡೆ. ಗುದ್ದಿದ್ರೆ ಈಗ ಹತ್ತು ವರ್ಷ ಜೈಲು, ಏಳು ಲಕ್ಷ ದಂಡ ಅಂತ ಮೊಬೈಲಲ್ಲಿ ಬಂದಿತ್ತು. ಡ್ರೈವರ್‌ಗಳೆಲ್ಲ ಅದನ್ನೇ ಹೇಳ್ತಿದ್ರು. ಎಂಡ್ರು ಬಸುರಿ ಮೇಡಂ.”

ಶಶಿರೇಖಗೆ ರೇಗಿಹೋಯಿತು.

“ಹತ್ತು ವರ್ಷ ಇರೋದು ಯಾರಿಗೆ ಗೊತ್ತೇನಯ್ಯಾ? ಗುದ್ದಿ, ಯಾರಿಗೂ ಹೇಳದೆ ಓಡಿಹೋದವನಿಗೆ. ಆ ಕಲಂ ಪುಸ್ತಕದಲ್ಲಿ ಅಚ್ಚಾಗಿದೆ ಅಷ್ಟೆ, ಜಾರಿಗೇ ಬಂದಿಲ್ಲ. ನೀನು ಮಾವನ್ನ ಟೆಂಪೊದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಹೋಗಿದ್ದಿದ್ರೆ, ಬದುಕದೇ ಹೋಗಿದ್ರೂ, ಠಾಣೆಯಲ್ಲೇ ಜಾಮೀನು ಕೊಟ್ಟು ಕಳಿಸ್ತಿದ್ದೆ.”



ಹೇಳಿಕೆಯ ಹಾಳೆ ಎದುರಿಗಿತ್ತು. 106(1)ರ ಜೊತೆಗೆ, ಹೆಣ ಬಚ್ಚಿಟ್ಟದ್ದಕ್ಕೆ 238, ಸಾಕ್ಷ್ಯನಾಶ. ಅದಕ್ಕಿಂತ ಭಾರಿ ಶಿಕ್ಷೆಯ ಕಲಮಿನ ಜಾಗವನ್ನು ಶಶಿರೇಖ ಖಾಲಿ ಬಿಟ್ಟಿದ್ದರು. ಜೀವ ಇದೆಯೆಂದು ಗೊತ್ತಿದ್ದೂ ಯಾರಾದರೂ ಬಾಯಿಗೆ ಅಕ್ಕಿ ಹಾಕುತ್ತಾರೆಯೇ? ಇಲ್ಲ. ಆ ಅಕ್ಕಿಯೇ ಇವನನ್ನು ಉಳಿಸುತ್ತದೆ ಎಂದು ಅವರು ನಂಬಿದ್ದರು. ವೈದ್ಯರ ವರದಿಯ ಪ್ರತಿ ಹೇಗೂ ಅವನ ಕೈ ಸೇರುತ್ತದೆ. ಯಾವುದೋ ಕಾಗದದಲ್ಲಿ ಓದುವುದಕ್ಕಿಂತ ಮನುಷ್ಯರ ಬಾಯಲ್ಲೇ ಕೇಳಲಿ.

“ಸುಧಾಕರ, ನೀನು ಅಕ್ಕಿ ಹಾಕಿದಾಗ ನಿನ್ನ ಮಾವನಿಗೆ ಉಸಿರಿತ್ತು.”

ಅವನು ಅಳಲಿಲ್ಲ. ತನ್ನ ಬಲಗೈ ನೋಡಿಕೊಂಡ.

“ತುಟಿ ಅಲ್ಲಾಡ್ತು ಮೇಡಂ,” ಎಂದ. “ಅಕ್ಕಿ ಆಕ್ತಿದ್ದಂಗೆ ಅಲ್ಲಾಡ್ತು. ನಾನು ನೋಡ್ದೆ. ನೋಡೇ ಟವೆಲ್ ಮುಚ್ದೆ.”

ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಶಶಿರೇಖಗೆ ಗೊತ್ತು. ಕೇಳಿಸಲೇ ಇಲ್ಲ ಎಂಬಂತೆ ಇದ್ದುಬಿಡಬಹುದಿತ್ತು. ಆದರೆ ಕೇಳಿಸಿತ್ತಲ್ಲ! ಖಾಲಿ ಜಾಗದಲ್ಲಿ ಅವರು 105 ಎಂದು ಬರೆದರು. ಕೊಲೆಯಲ್ಲದ ನರಹತ್ಯೆ. ಸಾಯುತ್ತಾನೆಂದು ತಿಳಿದೂ ಬಿಟ್ಟುಹೋದ ಎಂದು ಕೋರ್ಟು ಒಪ್ಪಿದರೆ ಹತ್ತು ವರ್ಷದವರೆಗೆ. ಯಾವ ಹತ್ತು ವರ್ಷಕ್ಕೆ ಹೆದರಿ ಓಡಿದ್ದನೋ ಅದೇ ಹತ್ತು ವರ್ಷವನ್ನು ಪುಣ್ಯಾತ್ಮ ತಾನೇ ತಲೆ ಮೇಲೆ ಎಳೆದುಕೊಂಡಿದ್ದ.

11.50ಕ್ಕೆ ಬಂಧನ. ಬಂಧನದ ಸುದ್ದಿಯನ್ನು ಅವನು ಹೇಳಿದ ಹತ್ತಿರದವರಿಗೆ ತಿಳಿಸಬೇಕು, ಅದು ಕಾನೂನು.

“ಯಾರಿಗೆ ಹೇಳಲಿ?”

“ನಮ್ಮತ್ತೆಗೆ. ಎಂಡ್ರಿಗೆ ಈಗ್ಲೇ ಬ್ಯಾಡ ಮೇಡಂ, ತಡ್ಕಳಲ್ಲ.”

ಅಮ್ಮಾಜಮ್ಮ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ದೂರು ಕೊಟ್ಟವಳೂ ಅವಳೇ, ಆರೋಪಿಯ ಹತ್ತಿರದವಳೂ ಅವಳೇ. ಶಶಿರೇಖ ಪಕ್ಕದಲ್ಲಿ ಕುಳಿತು, ಏನನ್ನೂ ಮುಚ್ಚಿಡದೆ ಹೇಳಿದರು. ಅಮ್ಮಾಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಕೇಳಿದಳು.

“ನಮ್ಮನೆ ಆ ತಿರುವಿಂದ ಕೂಗಳತೇಲೇ ಐತಲ್ಲಮ್ಮ,” ಎಂದಳು ಕೊನೆಗೆ. “ನಾನು ಅಂಗಳದಲ್ಲೇ ಇದ್ದೆ. ಅತ್ತೇ ಅಂತ ಒಂದ್ ಕೂಗು ಆಕಿದ್ರೆ ಓಡ್ ಬತ್ತಿದ್ದೆ. ಇಬ್ರನ್ನೂ ಉಳಿಸ್ಕೊಂತಿದ್ದೆ.”