ಆರು ಹೊತ್ತು ಹಾಲು, ಒಂದು ಕುಸ್ತಿ

ಸಮಸ್ತ ಓದುಗರಲ್ಲಿ ಅರಿಕೆ. ಜೂನ್ ತಿಂಗಳ ಒಂಬತ್ತನೇ ತಾರೀಕು ಬೆಳಿಗ್ಗೆ ಎಂಟೂಕಾಲು ಗಂಟೆಗೆ ಸೂಸಾಮಿರ್ ಹುಲ್ಲುಗಾವಲಿನಲ್ಲಿ, ಸೊನುನ್‌ಬು ಅಜ್ಜಿಯವರ ಡೇರೆಯ ಎದುರು, ತಗಡಿನ ಬಕೆಟ್ ಒಂದು ಮಗುಚಿ ಬಿತ್ತು. ಪ್ರಾಣಹಾನಿಯಾಗಿಲ್ಲ. ಒಂದೂವರೆ ಲೀಟರ್ ಕುದುರೆ ಹಾಲು ಮಣ್ಣುಪಾಲಾಯಿತು. ಒಬ್ಬ ಹುಡುಗಿಯ ಮರ್ಯಾದೆಯೂ ಅದರ ಜೊತೆಗೇ ಹೋಯಿತು.

ಬಕೆಟ್ ಒದ್ದದ್ದು ಬೂದು ಬಣ್ಣದ ಹೆಣ್ಣು ಕುದುರೆ. ಬಕೆಟ್ಟಿನ ಪಕ್ಕದಲ್ಲೇ ಅಂಗಾತ ಬಿದ್ದವಳು ಕಾನಿಷಾಯ್. ಕುದುರೆಯ ಮುಂದೆ ಅದರ ಮರಿಯನ್ನು ಹಿಡಿದು ನಿಂತು, ನಗು ತಡೆಯಲಾರದೆ ಮರಿಯ ಕುತ್ತಿಗೆಯಲ್ಲಿ ಮುಖ ಮುಚ್ಚಿಕೊಂಡವನು ಅಜ್ಜಿಯ ಮೊಮ್ಮಗ ಎರ್ಮೆಕ್.

"ನಗ್ತಿದೀರಾ?"

"ಇಲ್ವಲ್ಲ... ಮರಿ ನಗ್ತಿದೆ."

"ಮರಿಗೆ ಮೀಸೆ ಇರುತ್ತಾ?"

ಎರ್ಮೆಕ್ ತಲೆಯೆತ್ತಿದ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದಿತ್ತು.

'ಎಷ್ಟು ಚಂದ ಕಣ್ಣು... ಥೂ, ನನಗ್ಯಾಕೆ ಅದು! ನಾನು ಬಂದಿರೋದು ಕುಸ್ತಿ ಕಲಿಯೋಕೆ!'

ಹೌದು, ಕಾನಿಷಾಯ್ ಬಂದದ್ದು ಕುಸ್ತಿ ಕಲಿಯಲಿಕ್ಕೇ. ವಯಸ್ಸು ಇಪ್ಪತ್ತೆರಡು. ಘಾಟಿಯ ಕೆಳಗಿನ ಕಾರಾ-ಬಾಲ್ಟಾ ಊರಿನಲ್ಲಿ ಸೋದರಮಾವನ ಹೊಲಿಗೆ ಕಾರ್ಖಾನೆ. ಅಲ್ಲಿ ಅವಳು ದಿನವಿಡೀ ಅಂಗಿಗಳಿಗೆ ಗುಂಡಿಯ ತೂತು ಹೊಲಿಯುತ್ತಿದ್ದಳು. ಆಗಸ್ಟ್ ಕೊನೆಗೆ ಚಾಯೆಕ್ ಊರಿನಲ್ಲಿ ಹೆಂಗಸರ ಬೆಲ್ಟ್ ಕುಸ್ತಿ ನಡೆಯುತ್ತದೆ. ಒಬ್ಬರ ಸೊಂಟದ ಬೆಲ್ಟನ್ನು ಒಬ್ಬರು ಹಿಡಿದು, ಎತ್ತಿ, ಬೆನ್ನು ನೆಲಕ್ಕೆ ತಾಗಿಸಬೇಕು. ಗೆದ್ದವಳಿಗೆ ರಾಜಧಾನಿಯ ಕುಸ್ತಿ ತಂಡದಲ್ಲಿ ಜಾಗ. ಉಳಿದವರಿಗೆ ಚಪ್ಪಾಳೆ. ಕಾನಿಷಾಯ್ ಎರಡು ವರ್ಷ ಚಪ್ಪಾಳೆ ತಂದಿದ್ದಳು. ಮೂರನೇ ವರ್ಷವೂ ಚಪ್ಪಾಳೆಯೇ ಆದರೆ ಗುಂಡಿಯ ತೂತೇ ಗತಿ.

ಸೊನುನ್‌ಬು ಅಜ್ಜಿಯ ಹೆಸರು ಕಣಿವೆಯಲ್ಲೆಲ್ಲ ಪ್ರಸಿದ್ಧ. ಮದುವೆಮನೆಗಳಲ್ಲಿ ಗಂಡಸರನ್ನೇ ಎತ್ತಿ ಒಗೆದವಳು.

"ಎರಡೂವರೆ ತಿಂಗಳು ನಾನು ಹೇಳಿದ್ದು ಮಾಡ್ಬೇಕು. ಯಾಕೆ ಅಂತ ಕೇಳಬಾರದು," ಎಂದಿದ್ದಳು ಅಜ್ಜಿ.

"ಆಯ್ತು ಅಜ್ಜಿ! ಮೊದಲು ಏನು ಕಲಿಸ್ತೀರಿ?"

"ಬಕೆಟ್ ತಗೋ."

ಅಜ್ಜಿ ಕರೆದದ್ದು ಕುಸ್ತಿಗೆ, ಇವಳು ಕರೆದದ್ದು ಹಾಲು!

ಕುದುರೆ ಹಸುವಿನಂತಲ್ಲ. ಹಾಲು ಕರೆಯಲು ಸ್ಟೂಲು ಹಾಕಿಕೊಂಡು ಕೂರುವ ಹಾಗಿಲ್ಲ. ಒಂದು ಮೊಣಕಾಲು ನೆಲಕ್ಕೂರಿ, ಇನ್ನೊಂದರ ಮೇಲೆ ಬಕೆಟ್ ಇಟ್ಟು, ಒಂದು ತೋಳಿನಿಂದ ಕುದುರೆಯ ಹಿಂಗಾಲನ್ನು ತಬ್ಬಿ, ಹಣೆಯನ್ನು ಅದರ ಹೊಟ್ಟೆಗೆ ಒತ್ತಿ ಕರೆಯಬೇಕು. ಕುದುರೆ ಒದೆಯುವ ಮೊದಲು ಭಾರವನ್ನು ಇನ್ನೊಂದು ಕಾಲಿಗೆ ಬದಲಿಸುತ್ತದೆ. ಅದು ಹಣೆಗೆ ತಿಳಿಯಬೇಕು. ತಿಳಿಯದಿದ್ದರೆ ಬೆನ್ನಿಗೆ ತಿಳಿಯುತ್ತದೆ.

ದಿನಕ್ಕೆ ಆರು ಹೊತ್ತು, ಹೊತ್ತಿಗೆ ಹನ್ನೊಂದು ಕುದುರೆ. ಆ ಹಾಲನ್ನು ಚರ್ಮದ ಚೀಲಕ್ಕೆ ಸುರಿದು, ಹುಳಿ ಬಂದು ಕುಮಿಸ್ ಆಗುವ ತನಕ ಮರದ ಕೋಲಿನಿಂದ ಕಡೆಯಬೇಕು. ಎರಡು ಸಾವಿರ ಸಲ. ನಡುವೆ ಬಿಡುವಾದರೆ ಡೇರೆಯ ಉಣ್ಣೆಹಾಸುಗಳನ್ನು ಹೊಳೆಯಲ್ಲಿ ತೊಳೆದು ಹಿಂಡಬೇಕು. ಕುಸ್ತಿ ಕೇಳಿದವಳಿಗೆ ಅಜ್ಜಿ ಸುಸ್ತು ಕೊಟ್ಟಿದ್ದಳು.

ಒದ್ದೆ ಉಣ್ಣೆಹಾಸು ಒಬ್ಬರ ಕೈಯಲ್ಲಿ ಹಿಂಡುವ ವಸ್ತುವಲ್ಲ. ಒಂದು ತುದಿ ಕಾನಿಷಾಯ್ ಹಿಡಿದರೆ ಇನ್ನೊಂದು ತುದಿಗೆ ಎರ್ಮೆಕ್. ಹಾಲು ಕರೆಯುವಾಗಲೂ ಮರಿ ಹಿಡಿಯುವವನು ಅವನೇ. ಮರಿ ಮುಂದೆ ನಿಲ್ಲದಿದ್ದರೆ ತಾಯಿ ಹಾಲು ಬಿಡುವುದಿಲ್ಲ. ಅಲ್ಲಿಗೆ ದಿನಕ್ಕೆ ಆರು ಹೊತ್ತು, ಒಂದು ಕುದುರೆಯ ಆಚೆಗೊಬ್ಬರು ಈಚೆಗೊಬ್ಬರು.

"ಎಡಕ್ಕೆ ಸರೀರಿ, ಈಗ ಒದೀತಾಳೆ."

"ನಿಮಗೆ ಹೇಗೆ ಗೊತ್ತು?"

"ಕಿವಿ ಹಿಂದೆ ಮಾಡ್ತಿದಾಳೆ. ನಿಮ್ಮ ಹಾಗೇ. ನಿಮಗೂ ಕೋಪ ಬಂದ್ರೆ ಕಿವಿ ಕೆಂಪಾಗ್ತದೆ."

"ನನ್ನ ಕಿವಿ ಯಾಕ್ರೀ ನೋಡ್ತೀರಾ!"

"ಕುದುರೆ ಹೊಟ್ಟೆ ಕೆಳಗಿಂದ ಕಾಣೋದು ಅದೊಂದೇ."

ಕಾನಿಷಾಯ್ ನಕ್ಕುಬಿಟ್ಟಳು. ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

ಒಂದು ತಿಂಗಳು ಕಳೆಯಿತು. ಬೆಲ್ಟಿನ ಸುದ್ದಿಯೇ ಇಲ್ಲ! ಪಕ್ಕದ ಡೇರೆಯ ಬಾತ್ಮಾ ಒಂದು ಮಧ್ಯಾಹ್ನ ಕುಮಿಸ್ ಕುಡಿಯಲು ಬಂದವಳು, ಬಟ್ಟಲು ಖಾಲಿ ಮಾಡಿ ಬಾಯೊರೆಸಿಕೊಂಡು ಜೋರಾಗಿಯೇ ಹೇಳಿದಳು.

"ಪರವಾಗಿಲ್ಲ ಸೊನುನ್‌ಬು, ಹುಡುಗಿ ಒಳ್ಳೇ ಕೆಲಸಗಾತಿ. ಎಲ್ಲಿ ಹುಡುಕಿದ್ರಿ ಈ ಸೊಸೇನ?"

ಅಜ್ಜಿ 'ಸೊಸೆಯಲ್ಲ' ಎನ್ನಲಿಲ್ಲ. "ಇನ್ನೂ ಕೈ ಪಳಗ್ಬೇಕು," ಎಂದಳು, ಅಷ್ಟೇ.

ಕಾನಿಷಾಯ್‌ಳ ಕೈಯ ಕೋಲು ನಿಂತುಬಿಟ್ಟಿತು.

'ಹಾಗಾದ್ರೆ ಇದು ಕುಸ್ತಿ ಶಾಲೆ ಅಲ್ಲ... ಸೊಸೆ ಪರೀಕ್ಷೆ! ಇವನೂ ಸೇರ್ಕೊಂಡಿದಾನಾ? ಆ ನಗು, ಆ ಕಿವಿ, ಎಲ್ಲಾ ನಾಟಕಾನಾ?'

ಅವಳ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅವಳ ಅಕ್ಕ ಒಬ್ಬರ ಮನೆಗೆ ಹೊಲಿದ ಪರದೆ ಕೊಡಲು ಹೋಗಿದ್ದಳು. ಆ ಮನೆಯ ಮುದುಕಿ ಅವಳ ತಲೆಗೆ ಬಿಳಿ ವಸ್ತ್ರ ಹೊದಿಸಿದಳು. ಹಿರಿಯ ಹೆಂಗಸು ಬಿಳಿ ವಸ್ತ್ರ ಹೊದಿಸಿದರೆ ಮುಗಿಯಿತು, ಆಕೆ ಆ ಮನೆ ಸೊಸೆ. ಅಕ್ಕ ಇವತ್ತಿಗೂ ಅದೇ ಮನೆಯಲ್ಲಿದ್ದಾಳೆ. ನರ್ಸ್ ಆಗಬೇಕೆಂದಿದ್ದವಳು.

ಮರುದಿನ ಬೆಳಿಗ್ಗೆ ಮೊದಲ ಹಾಲು ಮುಗಿದಿತ್ತು. ಡೇರೆಯಿಂದ ಅಜ್ಜಿ ಹೊರಗೆ ಬಂದಳು. ಕೈಯಲ್ಲಿ ಮಾರುದ್ದದ ಬಿಳಿ ವಸ್ತ್ರ. ನೇರವಾಗಿ ಕಾನಿಷಾಯ್‌ಳ ಕಡೆಗೇ ಬಂದಳು.

"ಇಲ್ಲಿ ಬಾ ಮಗಳೇ. ಅಲುಗಾಡದೆ ನಿಂತ್ಕೋ."

"ಬೇಡ ಅಜ್ಜಿ! ಹತ್ತಿರ ಬರಬೇಡಿ!"

"ಯಾಕೆ ಕಿರುಚ್ತೀಯ? ನಿಂತ್ಕೋ ಅಂದೆ."

"ಗುಂಡಿ ತೂತು ಹೊಲಿದು ಸಾಯ್ತೀನಿ, ಈ ಮನೆ ಸೊಸೆ ಆಗಲ್ಲ! ಈ ಮೀಸೆಯವನನ್ನಂತೂ ಮದುವೆ ಆಗಲ್ಲ!"

ಹಿಂದೆ ಹೆಜ್ಜೆಯಿಡುತ್ತಿದ್ದವಳು ಕುದುರೆಯ ಗೂಟಕ್ಕೆ ಎಡವಿಯಾಳೆಂದು ಎರ್ಮೆಕ್ ಓಡಿಬಂದು ಅವಳ ಭುಜ ಹಿಡಿದ.

ಮುಂದಿನದ್ದು ಕಾನಿಷಾಯ್ ಯೋಚಿಸಿ ಮಾಡಿದ್ದಲ್ಲ. ಒಂದು ಮೊಣಕಾಲು ನೆಲಕ್ಕಿಳಿಯಿತು. ತೋಳು ಅವನ ತೊಡೆಯನ್ನು ತಬ್ಬಿತು. ಹಣೆ ಅವನ ಪಕ್ಕೆಗೆ ಒತ್ತಿತು. ಅವನ ಭಾರ ಇನ್ನೊಂದು ಕಾಲಿಗೆ ಸರಿಯುವುದು ಹಣೆಗೆ ತಿಳಿಯಿತು. ಎದ್ದಳು... ತಿರುಗಿದಳು...

ಎಂಬತ್ತು ಕಿಲೋ ಎರ್ಮೆಕ್, ಒಣಗಲು ಹಾಕಿದ್ದ ಉಣ್ಣೆಹಾಸಿನ ಮೇಲೆ ಅಂಗಾತ ಬಿದ್ದಿದ್ದ.

ಬೂದು ಕುದುರೆ ಒಮ್ಮೆ ಫುರ್ರೆಂದಿತು.

"ಉಸಿರಿದೆಯಾ?" ಕಾನಿಷಾಯ್ ಗಾಬರಿಯಿಂದ ಕೇಳಿದಳು.

"ಇದೆ... ಸ್ವಲ್ಪ."

ಅಜ್ಜಿ ಹತ್ತಿರ ಬಂದಳು. ಬಿಳಿ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಕಾನಿಷಾಯ್‌ಳ ಸೊಂಟಕ್ಕೆ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು.

"ತಲೆಗಲ್ಲ ಕಣೇ ಹುಚ್ಚಿ, ಸೊಂಟಕ್ಕೆ. ಇವತ್ತಿಂದ ಬೆಲ್ಟ್ ಹಿಡಿಯೋದು ಶುರು. ಮೈ ತಯಾರಾಗಿದೆ."

"ಹಾಗಾದ್ರೆ... ಹಾಲು ಕರೆದಿದ್ದು?"

"ಈಗ ಇವನನ್ನ ಒಗೆದ್ಯಲ್ಲ, ಅದು."

"ಮೊದಲೇ ಹೇಳ್ಬಹುದಿತ್ತಲ್ಲ ಅಜ್ಜಿ!"

"ಕುಸ್ತಿ ಅಂದಿದ್ರೆ ತಲೇಲಿ ಕಲೀತಿದ್ದೆ. ತಲೆ ಮರೆಯುತ್ತೆ. ಹಾಲು ಅಂದೆ, ಮೈ ಕಲೀತು. ಅದು ಮರೆಯಲ್ಲ."

ಕಾನಿಷಾಯ್‌ಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಕೈ ಕೊಟ್ಟು ಎರ್ಮೆಕ್‌ನನ್ನು ಎಬ್ಬಿಸಿದಳು. "ತಪ್ಪಾಯ್ತು... ನೋವಾಯ್ತಾ ನಿನಗೆ?"

ಗಾಬರಿಯಲ್ಲಿ 'ನೀವು' 'ನೀನು' ಆಗಿತ್ತು. ಮತ್ತೆ ಹಿಂದಕ್ಕೆ ಹೋಗಲೇ ಇಲ್ಲ.

ಆದರೆ ಅವನು ನಗಲಿಲ್ಲ. ಬೆನ್ನು ಕೊಡವಿಕೊಂಡು ಸುಮ್ಮನೆ ಮರಿಗಳ ಕಡೆ ನಡೆದುಬಿಟ್ಟ.

ಅವತ್ತಿನಿಂದ ಎರ್ಮೆಕ್ ಬೇರೆಯೇ ಮನುಷ್ಯನಾದ. ಮರಿ ಹಿಡಿಯುತ್ತಿದ್ದ, ಉಣ್ಣೆಹಾಸು ಹಿಂಡುತ್ತಿದ್ದ, ಸಂಜೆ ಬೆಲ್ಟ್ ಕಟ್ಟಿಕೊಂಡು ಅವಳೆದುರು ನಿಂತು ದಿನಕ್ಕೆ ಮೂವತ್ತು ಸಲ ಬೀಳುತ್ತಲೂ ಇದ್ದ. ಮಾತು ಮಾತ್ರ ಇಲ್ಲ. "ಎಡಕ್ಕೆ", "ಬಲಕ್ಕೆ", "ಇನ್ನೊಂದ್ಸಲ". ಅಷ್ಟೇ.

'ಮೀಸೆಯವನನ್ನ ಆಗಲ್ಲ ಅಂದೆನಲ್ಲ... ಅದಕ್ಕೇ. ಅಜ್ಜಿಯೆದುರೇ ಅಂದುಬಿಟ್ಟೆ. ಈಗ ಆ ಕಿವಿ ತಮಾಷೆ ಒಂದ್ಸಲ ಮಾಡಿದ್ರೂ ಸಾಕು ಅನ್ನಿಸುತ್ತೆ...'

ಹೋಗಿ ಹೇಳಿಬಿಡೋಣವೆಂದು ಎಷ್ಟೋ ಸಲ ಹೊರಟಳು. ಪ್ರತಿ ಸಲವೂ ನಿಂತಳು. ಗೆದ್ದು, ರಾಜಧಾನಿಯಲ್ಲಿ ಜಾಗ ಸಿಕ್ಕಿ, ಆಮೇಲೆ 'ನೀನು ಬೇಕು' ಎಂದರೆ ಅದು ಪ್ರೀತಿ. ಸೋತು, ಹೋಗಲು ಜಾಗವಿಲ್ಲದೆ 'ನೀನು ಬೇಕು' ಎಂದರೆ? ಜನ ಅದಕ್ಕೆ ಆಸರೆ ಎನ್ನುತ್ತಾರೆ. ಅಕ್ಕನ ಹಾಗೆ ಒಂದು ಮನೆಯೊಳಗೆ ಸಿಕ್ಕಿಕೊಳ್ಳಲು ಕಾನಿಷಾಯ್ ತಯಾರಿರಲಿಲ್ಲ. ಗೆಲ್ಲುವ ತನಕ ಬಾಯಿ ಬಿಡುವುದಿಲ್ಲ! ಅದು ಅವಳ ಮಹಾ ಯೋಜನೆ.

ಆಗಸ್ಟ್ ಇಪ್ಪತ್ತೆಂಟು, ಚಾಯೆಕ್. ಬಯಲಿನ ನಡುವೆ ಹಾಸಿದ ಚಾಪೆಯ ಸುತ್ತ ಜನವೋ ಜನ. ಮೊದಲ ಪಂದ್ಯ ಗೆದ್ದಳು. ಎರಡನೆಯದೂ ಗೆದ್ದಳು. ದಿನಕ್ಕೆ ಎರಡು ಸಾವಿರ ಸಲ ಕಡೆದ ತೋಳಿನಿಂದ ಬೆಲ್ಟ್ ಬಿಡಿಸಿಕೊಳ್ಳುವುದು ಎದುರಾಳಿಗಳಿಗೆ ಆಗಲಿಲ್ಲ. ಮೂರನೆಯದನ್ನು ನಲವತ್ತು ಸೆಕೆಂಡಿನಲ್ಲಿ ಮುಗಿಸಿದಳು.

ಫೈನಲ್‌ನಲ್ಲಿ ಎದುರಾಳಿ ಕೊಚ್ಕೋರ್ ಊರಿನ ಝಾರ್ಕಿನ್. ತೂಕ ಒಂದೇ, ಎತ್ತರದಲ್ಲಿ ಒಂದು ಗೇಣು ಹೆಚ್ಚು. ಮೂರು ನಿಮಿಷ ಇಬ್ಬರೂ ಜಗ್ಗಾಡಿದರು. ಒಂದು ಸಲ ಕಾನಿಷಾಯ್‌ಳ ಎರಡೂ ಕಾಲು ನೆಲ ಬಿಟ್ಟವು. ಅಜ್ಜಿ ಎದ್ದು ನಿಂತಳು. ಎರ್ಮೆಕ್ ಕಣ್ಣು ಮುಚ್ಚಿಕೊಂಡ.

ಹೇಗೋ ನೆಲ ಸಿಕ್ಕಿತು. ಝಾರ್ಕಿನ್‌ಳ ಭಾರ ಇನ್ನೊಂದು ಕಾಲಿಗೆ ಸರಿಯುವುದು ಕಾನಿಷಾಯ್‌ಳ ಹಣೆಗೆ ತಿಳಿಯಿತು...

ಮೊಣಕಾಲು ಇಳಿಯಿತು, ತೋಳು ತಬ್ಬಿತು, ಝಾರ್ಕಿನ್ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಧೊಪ್ಪೆಂದು ಬೆನ್ನ ಮೇಲೆ ಬಿದ್ದಳು!

ಜನ ಎದ್ದು ಕೂಗಿದರು. ಟೋಪಿಗಳು ಹಾರಿದವು. ಅಷ್ಟರಲ್ಲಿ ರೆಫ್ರಿ ಸೀಟಿ ಊದಿದ.

ಬೆಲ್ಟಿನಿಂದ ಕೈ ಬಿಡುವಂತಿಲ್ಲ. ಕಾಲು ಹಿಡಿಯುವಂತಿಲ್ಲ. ಹಿಡಿದವರು ಪಂದ್ಯದಿಂದ ಔಟ್. ಈ ನಿಯಮ ಕಾನಿಷಾಯ್‌ಗೆ ಗೊತ್ತಿತ್ತು. ಅವಳ ಕೈಗೆ ಗೊತ್ತಿರಲಿಲ್ಲ.

ಅಜ್ಜಿ ಚಾಪೆಯ ಮೇಲೇ ಹತ್ತಿ ರೆಫ್ರಿಯ ಎದುರು ನಿಂತಳು.

"ಏನಪ್ಪಾ, ಆ ಹುಡುಗಿ ಬಿದ್ಲೋ ಇಲ್ವೋ?"

"ಬಿದ್ಲು ಅಜ್ಜಿ."

"ಬೆನ್ನು ನೆಲಕ್ಕೆ ತಾಗ್ತೋ ಇಲ್ವೋ?"

"ಚೆನ್ನಾಗೇ ತಾಗ್ತು."

"ಮತ್ತಿನ್ನೇನು ನಿನ್ನ ತಕರಾರು?"

"ಕಾಲು ಹಿಡಿದ್ರು ಅಜ್ಜಿ. ನಿಯಮ ಬಂದು ಹದಿನಾರು ವರ್ಷ ಆಯ್ತು."

"ಹದಿನಾರು ವರ್ಷ ಆದ್ರೂ ನನಗೊಬ್ಬರೂ ಹೇಳ್ಲಿಲ್ಲ," ಎಂದಳು ಅಜ್ಜಿ. ಮೆಲ್ಲಗೆ ಇಳಿದು ಬಂದು ಕಾನಿಷಾಯ್‌ಳ ಕೆನ್ನೆ ಮುಟ್ಟಿದಳು. "ನೀನು ಸರಿಯಾಗೇ ಕಲಿತೆ ಮಗಳೇ. ನಾನು ಹಳೇದು ಕಲಿಸ್ದೆ. ತಪ್ಪು ನಂದು." ಸೊನುನ್‌ಬು ಅಜ್ಜಿ ತಪ್ಪು ಒಪ್ಪಿಕೊಂಡದ್ದನ್ನು ಕಣಿವೆ ಅದೇ ಮೊದಲು ಕೇಳಿದ್ದು.

ಮೈದಾನದ ಹಿಂದೆ, ಎರ್ಮೆಕ್ ಕುಮಿಸ್ ಮಾರಲು ಓಡಿಸುವ ವ್ಯಾನಿನ ನೆರಳಿನಲ್ಲಿ ಕಾನಿಷಾಯ್ ಒಬ್ಬಳೇ ಕೂತಿದ್ದಳು. ಎರ್ಮೆಕ್ ಬಂದು ಒಂದು ಬಟ್ಟಲು ಕುಮಿಸ್ ಕೊಟ್ಟು ಪಕ್ಕದಲ್ಲಿ ಕೂತ.

"ಕುಡಿ."

"ನಾಳೆ ಕಾರಾ-ಬಾಲ್ಟಾಗೆ ಹೋಗ್ತೀನಿ," ಅವಳು ಬಟ್ಟಲನ್ನೇ ನೋಡುತ್ತಾ ಹೇಳಿದಳು. "ಬರೋ ವರ್ಷ ಮತ್ತೆ ಆಡ್ತೀನಿ. ಗೆದ್ದ ಮೇಲೆ ನಿನ್ನ ಹತ್ತಿರ ಒಂದು ಮಾತು ಹೇಳೋದಿದೆ. ಈಗ ಕೇಳಬೇಡ."

"ಕೇಳಲ್ಲ. ನಾನು ಹೇಳೋದಿದೆ."

"ನೀನಾ? ಏಳು ವಾರದಿಂದ ಎಡಕ್ಕೆ, ಬಲಕ್ಕೆ ಬಿಟ್ಟು ಬೇರೆ ಮಾತಾಡಿದೀಯಾ? ಮೀಸೆ ಅಂದಿದ್ದಕ್ಕೆ ಅಷ್ಟು ಕೋಪಾನಾ?"

ಎರ್ಮೆಕ್ ಬೆರಗಾಗಿ ಅವಳನ್ನು ನೋಡಿದ. "ಕೋಪ ಯಾರಿಗೆ? ಅವತ್ತು ನೀನು ನನ್ನನ್ನ ಒಗೆದ ಮೇಲೆ ಅಜ್ಜಿ ಹತ್ತಿರ ಹೋಗಿ, ನನಗೆ ಇವಳೇ ಬೇಕು ಅಂದೆ. ಅಜ್ಜಿ ಕೋಲು ತೋರಿಸಿ, 'ಪಂದ್ಯ ಮುಗಿಯೋ ತನಕ ತುಟಿ ಬಿಚ್ಚಬೇಡ, ಅವಳ ಮನಸ್ಸು ಕೆಡುತ್ತೆ' ಅಂದ್ಲು. ಬಿಚ್ಚಲಿಲ್ಲ."

ಕಾನಿಷಾಯ್‌ಳ ಎದೆ ಬೂದು ಕುದುರೆಯ ಹಾಗೆ ಒದೆಯತೊಡಗಿತು.

"ಆದ್ರೆ... ನಾನು ಗೆಲ್ಲಲಿಲ್ವಲ್ಲ!"

"ಗೆಲ್ಲೋ ತನಕ ಅಂತ ಅಜ್ಜಿ ಹೇಳಿರಲಿಲ್ಲ. ಮುಗಿಯೋ ತನಕ ಅಂದಿದ್ದು. ಮುಗೀತಲ್ಲ?"

"ಇದು ಮೋಸ ಕಣೋ! ನನ್ನದು ಗೆದ್ದ ಮೇಲೆ ಅಂತ ಲೆಕ್ಕ. ಈಗ ಹೂಂ ಅಂದ್ರೆ, ಜಾಗ ಇಲ್ಲದೆ ನಿಮ್ಮನೆಗೆ ಬಂದ್ಲು ಅಂತಾರೆ."

"ನಮ್ಮನೆಗೆ ಬಾ ಅಂತ ಯಾರಂದ್ರು? ವಾರಕ್ಕೆರಡು ಸಲ ಕುಮಿಸ್ ತುಂಬ್ಕೊಂಡು ಕಾರಾ-ಬಾಲ್ಟಾಗೆ ಬರೋನು ನಾನೇ. ನಿಮ್ಮ ಕಾರ್ಖಾನೆ ಮುಂದೆ ವ್ಯಾನ್ ನಿಲ್ಲಿಸ್ತೀನಿ. ಬೆಲ್ಟ್ ತಂದಿರ್ತೀನಿ. ಕೈ ಬಿಡದೆ ಎತ್ತೋದು ಹೇಗೆ ಅಂತ ನನ್ನ ಮೇಲೆ ಕಲಿ. ಮದುವೆ ನೀನು ಹೇಳಿದಾಗ. ಹೇಳದೇ ಹೋದ್ರೂ ವ್ಯಾನ್ ಬರುತ್ತೆ."

ಗೆಲ್ಲುವ ತನಕ ಬಾಯಿ ಬಿಡಬಾರದೆಂಬ ಮಹಾ ಯೋಜನೆ, ಬರುವ ವರ್ಷಕ್ಕೆ ಮುಂದೂಡಿದ ಅರ್ಧ ತಾಸಿನಲ್ಲೇ, ಅಜ್ಜಿ ಆಡಿದ ಒಂದು ಮಾತಿನ ಸಂದಿಯಲ್ಲಿ ತೂರಿಹೋಗಿತ್ತು.

"ಸರಿ. ಹೇಳು ನೋಡೋಣ," ಎಂದಳು ಕಾನಿಷಾಯ್.

"ನೀನಂದ್ರೆ ನಂಗಿಷ್ಟ, ಕಾನಿಷಾಯ್. ತುಂಬಾ ಇಷ್ಟ."

ಅವಳ ಕಿವಿಗಳೆರಡೂ ಕೆಂಪಾದವು.

"ಇನ್ನೊಂದ್ಸಲ ಹೇಳು."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ನಿಯಮದ ಪ್ರಕಾರ ಎರಡು ಸಲ ಹೇಳ್ಬೇಕು."

"ಯಾರು ಮಾಡಿದ ನಿಯಮ?"

"ನಾನು. ಈಗ ತಾನೇ." ಅವಳು ಅವನ ಭುಜಕ್ಕೆ ಹಣೆಯೊತ್ತಿದಳು. "ಹೇಳು... ಆಮೇಲೆ ನಂದೂ ಹೇಳ್ತೀನಿ."