ಹುಲಿಕಲ್ ಘಾಟಿಗೆ ಎಂಥ ಬ್ರೇಕು

ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ಕೈಗೆ ತಗೊಂಡರೆ ಸಾಕು, ಕಾರಿನ ಯಜಮಾನ ಎಂಥ ಆಸಾಮಿ ಅಂತ ಧನ್ಯಶ್ರೀ ಹೇಳಿಬಿಡುತ್ತಿದ್ದಳು. ಸಾಗರದಲ್ಲಿ ಅಪ್ಪ ನಾಗರಾಜಪ್ಪನ ಗ್ಯಾರೇಜು ಸೇರಿ ಅವಳಿಗೆ ಆರು ವರ್ಷ. ಅಪ್ಪ ಕಾರಿನ ಅಡಿಯಲ್ಲಿ, ಇವಳು ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ. ಬೇಡದ ಪಾರ್ಟನ್ನು ಯಾರಿಗೂ ಮಾರಿದವಳಲ್ಲ. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಆತ್ರೇಯನ ವಿಷಯದಲ್ಲಿ ಆ ಊಹೆಯೂ ಕೆಟ್ಟಿತು, ಈ ಜಂಬವೂ ಕೆಟ್ಟಿತು.

ಅವನು ಬಂದದ್ದು ಕೆಂಪು ಪೋಲೋ ಜಿಟಿಯಲ್ಲಿ. ರೀಮ್ಯಾಪ್ ಮಾಡಿಸಿ ಇಂಜಿನ್ನಿನ ಪವರ್ ಹೆಚ್ಚಿಸಿದ ಕಾರು. ಕೌಂಟರಿನ ಮೇಲೆ ಫೋನ್ ಇಟ್ಟು, ತೂತು ಕೊರೆದ ಡಿಸ್ಕು, ರೇಸ್ ಪ್ಯಾಡುಗಳ ಫೋಟೋ ತೋರಿಸಿದ.

“ಇದನ್ನ ತರಿಸಿಕೊಡ್ತೀರಾ?”

ಅವಳು ಫೋನ್ ನೋಡಲಿಲ್ಲ. ಅಪ್ಪ ಬಿಚ್ಚಿಕೊಟ್ಟ ಹಳೇ ಪ್ಯಾಡು ನೋಡಿದಳು. ಅದರ ಮುಖ ಗಾಜಿನ ಹಾಗೆ ಹೊಳೆಯುತ್ತಿತ್ತು. ಡಿಸ್ಕು ಕಾದು ಕಾದು ನೀಲಿಗಟ್ಟಿತ್ತು.

“ಘಾಟಿಯಲ್ಲಿ ರೇಸ್ ಹೊಡೀತೀರಾ?”

“ನಾನಾ? ಹೊಸನಗರದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡ್ತೀನಿ.”

“ಮೇಷ್ಟ್ರು ರೇಸ್ ಹೊಡೀಬಾರ್ದು ಅಂತ ಎಲ್ಲೂ ಬರ್ದಿಲ್ಲವಲ್ಲ.”

ಅವನು ನಕ್ಕ. ನಗುವಾಗ ಕೆನ್ನೆ ಉಬ್ಬಿ ಕನ್ನಡಕ ಒಂದಿಷ್ಟು ಮೇಲೇರಿತು. ಇದನ್ನೆಲ್ಲ ಗಮನಿಸುವುದು ತನ್ನ ಕೆಲಸವಲ್ಲ ಅಂದುಕೊಂಡು ಅವಳು ಮತ್ತೆ ಡಿಸ್ಕಿನ ಕಡೆ ತಿರುಗಿದಳು.

ಸಂಗತಿ ಇಷ್ಟು. ಪ್ರತಿ ಭಾನುವಾರ ಅವನು ಅಮ್ಮ ಮೀನಾಕ್ಷಮ್ಮನನ್ನು ಕೂರಿಸಿಕೊಂಡು ಹುಲಿಕಲ್ ಘಾಟಿ ಇಳಿದು ಕೆಳಗಿನ ಸಿದ್ದಾಪುರದ ದೊಡ್ಡಮ್ಮನ ಮನೆಗೆ ಹೋಗುತ್ತಾನೆ. ಸೆಕೆಂಡ್ ಗೇರಿಗೆ ಹಾಕಿದರೆ ಇಂಜಿನ್ ಗುರುಗುಟ್ಟುತ್ತದೆ. ಇಂಜಿನ್ ಒಡೆದೇಹೋಯಿತು ಅಂತ ಅಮ್ಮ ಕಣ್ಣು ಮುಚ್ಚಿ ಸಹಸ್ರನಾಮ ಶುರು ಮಾಡುತ್ತಾರೆ. ಅದಕ್ಕೇ ಇವನು ಥರ್ಡ್ ಗೇರಿನಲ್ಲಿ, ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿಯುವುದು. ಹೋದ ವಾರ ಅರ್ಧ ಘಾಟಿಯಲ್ಲಿ ಸುಟ್ಟ ವಾಸನೆ ಬಂದು ಪೆಡಲ್ ಮೆತ್ತಗಾಯಿತು. ಇನ್ನೊಂದು ಸಲ ಆ ವಾಸನೆ ಬಂದರೆ ಕಾರು ಮಾರಿಬಿಡು ಅಂದಿದ್ದಾರೆ ಅಮ್ಮ. ಕೊಳ್ಳುವವನೂ ತಯಾರಿದ್ದಾನೆ.

“ರೇಸ್ ಪ್ಯಾಡ್ ಬೇಡ,” ಅಂದಳು ಧನ್ಯಶ್ರೀ. “ಅದು ಕಾದ ಮೇಲೇ ಹಿಡಿಯೋದು. ತಣ್ಣಗಿದ್ರೆ ಮೊದಲ್ನೇ ತಿರುವಲ್ಲೇ ಕೈಕೊಡ್ತದೆ. ತೂತಿನ ಡಿಸ್ಕಿಗೆ ನಮ್ಮ ಕೆಸರು ತುಂಬ್ಕೊಳ್ತದೆ, ಜಾಸ್ತಿ ಕಾದ್ರೆ ತೂತಿನ ಹತ್ರಾನೇ ಬಿರುಕು ಬಿಡೋದೂ ಉಂಟು. ನಿಮ್ಗೆ ತೂತಿಲ್ಲದ, ಕಾವು ತಡೆಯೋ ಹೈ ಕಾರ್ಬನ್ ಡಿಸ್ಕು, ರೋಡಿಗೆ ಅಂತಾನೇ ಮಾಡಿದ ಒಳ್ಳೇ ಪ್ಯಾಡು. ಬ್ರೇಕ್ ಆಯಿಲ್ ಅಂತೂ ಬದಲಾಯಿಸ್ಲೇಬೇಕು, ಹಳೇದು ನೀರು ಹೀರ್ಕೊಂಡಿದೆ, ಕಾದ್ರೆ ಕುದ್ದು ಪೆಡಲ್ ಮೆತ್ತಗಾಗ್ತದೆ.”

“ಆದ್ರೂ ಇದು ನೋಡೋಕೆ ಚೆನ್ನಾಗಿತ್ತು.”

“ಚಕ್ರದ ಒಳಗಿರೋದನ್ನ ಯಾರು ನೋಡ್ತಾರೆ ಮಾರಾಯ್ರೇ?”

“ನೀವು ನೋಡ್ತೀರಲ್ಲ.”

ಧನ್ಯಶ್ರೀ ಹಳೇ ಪ್ಯಾಡನ್ನು ತಿರುಗಿಸಿ ಇನ್ನೊಂದು ಸಲ ನೋಡಿದಳು.

“ಎಷ್ಟು ದಿನ ಬೇಕಾಗ್ತದೆ?” ಅಂತ ಅವನೇ ಕೇಳಿದ.

ಅವಳ ಬೆನ್ನ ಹಿಂದಿನ ರ‍್ಯಾಕಿನಲ್ಲಿ ಅದೇ ಕಾರಿನ ಮಾಮೂಲಿ ಡಿಸ್ಕು, ಪ್ಯಾಡಿನ ಸೆಟ್ ಇತ್ತು. ಅದನ್ನು ಹಾಕಿ, ಸೆಕೆಂಡ್ ಗೇರಿನಲ್ಲಿ ಇಳಿಯಿರಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಸಂಜೆಯೊಳಗೆ ಅವನು ಕಾರು ತಗೊಂಡು ಹೊರಡುತ್ತಿದ್ದ, ಇನ್ನು ಎರಡು ವರ್ಷ ಈ ಕಡೆ ತಲೆ ಹಾಕುತ್ತಿರಲಿಲ್ಲ.

“ತರಿಸ್ಬೇಕು. ಒಂಬತ್ತು ದಿನ,” ಅಂದಳು. “ಅಲ್ಲೀವರೆಗೆ ಕಾರು ಇಲ್ಲೇ ಇರ್ಲಿ.”

ಅವನು ಹೋದಮೇಲೆ ಅಪ್ಪ ಕೈ ಒರೆಸಿಕೊಳ್ಳುತ್ತಾ ಬಂದರು. “ಆ ಕಾರಿಂದು ಒಂದು ಸೆಟ್ ರ‍್ಯಾಕಲ್ಲೇ ಇತ್ತಲ್ಲ ಮಗಾ?”

“ಅದು ಅವ್ರಿಗೆ ಸಾಕಾಗಲ್ಲ ಅಪ್ಪ.”

ಹೇಳುವಾಗಲೇ ಕಿವಿ ಬಿಸಿಯಾಯಿತು. ಅವನನ್ನು ಇನ್ನೊಂದು ಸಲ ನೋಡಬೇಕಿತ್ತು, ಅಷ್ಟೇ. ಅದಕ್ಕಾಗಿ ಆರು ವರ್ಷದ ಹೆಸರನ್ನು ಅಡ ಇಟ್ಟಳು.

ಎರಡೇ ದಿನಕ್ಕೆ ಅವನು ಹೊಸನಗರದಿಂದ ಬಸ್ಸು ಹತ್ತಿ ಬಂದ.

“ಡಿಸ್ಕು ಎಲ್ಲಿವರೆಗೆ ಬಂತು ಅಂತ ಕೇಳೋಣ ಅಂತ.”

“ಫೋನ್ ಮಾಡಿದ್ರೆ ಹೇಳ್ತಿದ್ನಲ್ಲ.”

“ನಮ್ಮಲ್ಲಿ ನೆಟ್‌ವರ್ಕ್ ಸರಿ ಇಲ್ಲ.”

ಹಿಂದಿನ ದಿನ ತಾನೇ ಅದೇ ನೆಟ್‌ವರ್ಕಿನಲ್ಲಿ ನಾಲ್ಕು ಮೆಸೇಜು ಕಳಿಸಿದ ಮನುಷ್ಯ. ಧನ್ಯಶ್ರೀ ಅದನ್ನು ಎತ್ತಿ ಆಡಲಿಲ್ಲ. ಒಂಬತ್ತು ದಿನದಲ್ಲಿ ಅವನು ನಾಲ್ಕು ಸಲ ಬಂದ. ಒಮ್ಮೆ ಅಮ್ಮ ಕೊಟ್ಟರು ಅಂತ ಹಲಸಿನ ಹಪ್ಪಳ ತಂದ. ಹಪ್ಪಳದ ಕಟ್ಟು ನೋಡಿ ಅವಳಿಗೆ ಖುಷಿಯೂ ಆಯಿತು, ಅಳುಕೂ ಆಯಿತು. ಅವರದು ಮೇಳಿಗೆ ಕಡೆಯ ಹಳೇ ಮನೆತನ. ಇವಳ ಅಜ್ಜ ಅಂಥವರ ಗದ್ದೆ ಗೇಣಿ ಮಾಡಿದವನು. ಒಡೆಯರ ಜೀಪಿನಲ್ಲಿ ಎಷ್ಟೋ ಸಲ ತೀರ್ಥಹಳ್ಳಿಗೆ ಹೋಗಿದ್ದ, ಮುಂದಿನ ಸೀಟಿನಲ್ಲಿ ಮಾತ್ರ ಯಾವತ್ತೂ ಕೂತಿರಲಿಲ್ಲ.

ಒಂಬತ್ತನೇ ದಿನ ಶನಿವಾರ. ಹೊಸ ಡಿಸ್ಕು, ಪ್ಯಾಡು ಕೂತವು. ಇನ್ನು ಒಂದಕ್ಕೊಂದು ಒಗ್ಗಬೇಕು. ಅದಕ್ಕೊಂದು ಕ್ರಮ ಇದೆ. ಎಂಬತ್ತರ ಸ್ಪೀಡಿನಿಂದ ಇಪ್ಪತ್ತಕ್ಕೆ ಹತ್ತು ಸಲ ಬ್ರೇಕ್ ಹಿಡಿಯಬೇಕು. ಆಮೇಲೆ ಎಲ್ಲೂ ನಿಲ್ಲಿಸದೆ ಓಡಿಸುತ್ತಾ ತಣ್ಣಗೆ ಮಾಡಬೇಕು. ಕಾದಿರುವಾಗ ಬ್ರೇಕ್ ಒತ್ತಿ ನಿಲ್ಲಿಸಿದರೆ ಡಿಸ್ಕಿನಲ್ಲಿ ಕಲೆ ಕೂತು ಪೆಡಲ್ ನಡುಗುತ್ತದೆ. ಗ್ಯಾರೇಜಿನಲ್ಲಿ ಈ ಕೆಲಸ ಧನ್ಯಶ್ರೀಯದು. ಅವಳು ಸ್ಟೀರಿಂಗ್ ಹಿಡಿದಳು, ಅವನು ಪಕ್ಕದಲ್ಲಿ ಕೂತ.

ಆನಂದಪುರದ ರಸ್ತೆ ಖಾಲಿ ಇತ್ತು. ಹತ್ತು ಸಲ ಮುಗಿಸಿ ನಿಧಾನಕ್ಕೆ ಬರುವಾಗ ಮುಂದೆ ರೈಲ್ವೆ ಗೇಟ್ ಬೀಳುತ್ತಿರುವುದು ಕಾಣಿಸಿತು. ಅವಳು ನಿಲ್ಲಿಸಲಿಲ್ಲ, ಗೇಟಿಗೆ ಸಾಕಷ್ಟು ಮೊದಲೇ ಸಿಕ್ಕ ಅಗಲ ಜಾಗದಲ್ಲಿ ಕಾರು ತಿರುಗಿಸಿ ವಾಪಸ್ ಹೊರಟಳು.

“ಇನ್ನು ಇಪ್ಪತ್ತು ನಿಮಿಷ ನಿಲ್ಸಂಗಿಲ್ಲ,” ಅಂದಳು. “ನೀವು ಸಿಟ್ಟು ಬಂದ್ರೂ ಇಳಿಯೋ ಹಾಗಿಲ್ಲ. ಅದಕ್ಕೇ ಈಗ ಹೇಳ್ತೀನಿ.”

“ಎಂತ?”

“ಇಷ್ಟೆಲ್ಲ ಬೇಕಿರ್ಲಿಲ್ಲ. ಮಾಮೂಲಿ ಸೆಟ್ ಅಂಗಡಿಯಲ್ಲೇ ಇತ್ತು. ಅದನ್ನ ಹಾಕಿ ಸೆಕೆಂಡ್ ಗೇರಲ್ಲಿ ಇಳಿದಿದ್ರೆ ಸಾಕಾಗ್ತಿತ್ತು. ನೀವು ಮತ್ತೆ ಬರ್ಲಿ ಅಂತ ಸುಳ್ಳು ಹೇಳ್ದೆ. ಹಿಂಗೆ ಯಾರಿಗೂ ಮಾಡಿದವಳಲ್ಲ.”

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಅವಳು ಕಣ್ಣನ್ನು ರಸ್ತೆಯಿಂದ ಕೀಳಲಿಲ್ಲ.

“ಮೇಲಿಂದ ಎರಡ್ನೇ ಸಾಲು, ಎಡಗಡೆ,” ಅಂದ ಅವನು ಕೊನೆಗೆ. “ನೀಲಿ ಡಬ್ಬಿ. ನನ್ನ ಕಾರಿನ ಹೆಸರು ದೊಡ್ಡದಾಗಿ ಬರ್ದಿತ್ತು. ಮೊದಲ್ನೇ ದಿನಾನೇ ಓದಿದ್ದೆ.”

“ಮತ್ತೆ ಸುಮ್ನಿದ್ರಿ ಯಾಕೆ?”

“ನೀವು ಒಂಬತ್ತು ದಿನ ಅಂದ್ರಲ್ಲ. ಕಡಿಮೆ ಆಯ್ತು ಅನ್ನಿಸ್ತು.”

ಧನ್ಯಶ್ರೀ ನಕ್ಕುಬಿಟ್ಟಳು. ನಗುತ್ತಲೇ ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳಲು ಅವನು ಕರ್ಚೀಫು ಕೊಟ್ಟ.

“ನಂಗೆ ನೀವು ಇಷ್ಟ,” ಅಂದ. “ನಾಳೆ ನಮ್ಮ ಜೊತೆ ಘಾಟಿಗೆ ಬನ್ನಿ. ಅಮ್ಮ ಕಾರು ಮಾರಿಸಿದ್ರೂ ನಾನು ಬರೋದು ಬಿಡಲ್ಲ. ಬಸ್ಸು ಅಭ್ಯಾಸ ಆಗಿದೆ.”

ಭಾನುವಾರ ಮೀನಾಕ್ಷಮ್ಮ ಮುಂದೆ ಕೂತಿದ್ದರು, ಧನ್ಯಶ್ರೀ ಹಿಂದೆ. ಮಾಸ್ತಿಕಟ್ಟೆ ದಾಟಿ ಇಳಿಜಾರು ಶುರುವಾಗುವ ಮೊದಲು ಅವಳು ಮುಂದಕ್ಕೆ ಬಾಗಿದಳು.

“ಅಮ್ಮ, ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುವಾಗ ಹಿಮ್ಮಡಿ ಊರಿ ಹ್ಞಂ ಹ್ಞಂ ಅಂತ ಮುಕ್ಕರೀತೀವಲ್ಲ, ಇಂಜಿನ್ನೂ ಹಂಗೇ. ಅದು ಒಡೆಯೋ ಸದ್ದಲ್ಲ, ಕಾರನ್ನ ತಡೆದು ಹಿಡಿಯೋ ಸದ್ದು.”

“ನಾನು ಹೊರೆ ಹೊತ್ತವಳಲ್ಲ,” ಅಂದರು ಮೀನಾಕ್ಷಮ್ಮ. “ನೀನು ಹೊತ್ತಿದೀಯಾ?”

“ಹ್ಞೂಂ. ಹೊತ್ತಿದೀನಿ.”

ಅವರು ಹಿಂದಕ್ಕೆ ತಿರುಗಿ ಅವಳನ್ನು ನೋಡಿದರು. “ಹಾಗಿದ್ರೆ ನಿಂಗೆ ಗೊತ್ತಿರ್ತದೆ. ಹಾಕು ಆತ್ರೇಯ, ಸೆಕೆಂಡು.”

ಇಂಜಿನ್ ಗುರುಗುಟ್ಟಿತು. ಮೀನಾಕ್ಷಮ್ಮ ಸೀಟಿನ ಅಂಚು ಹಿಡಿದುಕೊಂಡರು, ಕಣ್ಣು ಮಾತ್ರ ಮುಚ್ಚಲಿಲ್ಲ. ಆತ್ರೇಯ ತಿರುವು ಬಂದಾಗ ಮಾತ್ರ ಬ್ರೇಕ್ ಮುಟ್ಟುತ್ತಿದ್ದ, ಮುಟ್ಟಿದ ಕೂಡಲೇ ಕಾರು ಹೇಳಿದ ಮಾತು ಕೇಳುತ್ತಿತ್ತು. ಕನ್ನಡಿಯಲ್ಲಿ ಒಮ್ಮೆ ಅವನ ಕಣ್ಣು ಸಿಕ್ಕಿತು. ‘ರಸ್ತೆ ನೋಡಿ’ ಅಂತ ಅವಳು ಕೈಸನ್ನೆ ಮಾಡಿದಳು.

ಹೊಸಂಗಡಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಮೀನಾಕ್ಷಮ್ಮ ಇಳಿದು ಸೀದಾ ಮುಂದಿನ ಚಕ್ರದ ಹತ್ತಿರ ಹೋಗಿ, ಬಗ್ಗಿ ಮೂಸಿದರು. ಧನ್ಯಶ್ರೀಯ ಲೋಟ ಬಾಯಿಯ ಹತ್ತಿರವೇ ನಿಂತಿತು.

“ವಾಸನೆ ಇಲ್ಲ. ಕಾರು ಇರ್ಲಿ,” ಅಂದರು ಅವರು. ಆಮೇಲೆ ಸೆರಗು ಸರಿ ಮಾಡಿಕೊಳ್ಳುತ್ತಾ ಅವಳ ಕಡೆ ತಿರುಗಿದರು. “ಒಂಬತ್ತು ದಿನದಲ್ಲಿ ನಾಲ್ಕು ಸಲ ಸಾಗರಕ್ಕೆ ಹೋಗಿದಾನೆ ಇವ್ನು. ಡಿಸ್ಕು ನೋಡೋಕೆ ಅಂತೆ. ಹಪ್ಪಳ ಯಾರಿಗೆ ಅಂತ ಗೊತ್ತಿಲ್ದೆ ಕಟ್ಟಿಕೊಟ್ಟಿದ್ದಲ್ಲ ನಾನು.”

ಆತ್ರೇಯ ತನ್ನ ಚಪ್ಪಲಿ ನೋಡಿಕೊಂಡ. ಮೀನಾಕ್ಷಮ್ಮ ಹಿಂದಿನ ಬಾಗಿಲು ತೆಗೆದು ಒಳಗೆ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡರು.

“ಅಮ್ಮ, ನೀವು ಮುಂದೆ...” ಅಂದಳು ಧನ್ಯಶ್ರೀ.

“ನಂಗೆ ಇಲ್ಲೇ ಆರಾಮು. ನೀನು ಮುಂದೆ ಕೂತ್ಕೋ.”

ಅವಳು ಅಜ್ಜನನ್ನು ನೆನೆದು ಮುಂದಿನ ಬಾಗಿಲು ತೆಗೆದಳು. ಕೂತು ಸೀಟ್ ಬೆಲ್ಟ್ ಎಳೆದು ಹಾಕಿಕೊಂಡಳು. ಆತ್ರೇಯ ಕಾರು ಸ್ಟಾರ್ಟ್ ಮಾಡಿದ.

“ನಿಧಾನ,” ಅಂದರು ಹಿಂದಿನಿಂದ ಮೀನಾಕ್ಷಮ್ಮ.

ಅವನು ನಿಧಾನವಾಗಿಯೇ ಹೊರಟ. ಅವಸರ ಇಬ್ಬರಿಗೂ ಇರಲಿಲ್ಲ.