ಮೌನಗೌರಿಯ ಆರು ಭಾನುವಾರಗಳು

ಹನ್ನೊಂದು ವರ್ಷದ ಹಿಂದೆ, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಕುಕ್ಕರು ಹಿಡಿದು ಅಕ್ಕನ ಮನೆಯ ಬಾಗಿಲಲ್ಲಿ ನಿಂತ ದಿನವೇ ಅವಳು ಆ ಮಾತು ಕೊಟ್ಟದ್ದು.

"ಇನ್ನು ಯಾವ ಗಂಡಸಿಗೂ ನಾನು ಒಲೆ ಹಚ್ಚಲ್ಲ ಅಕ್ಕ."

"ಈಗ ಅಳ್ತಾ ಹೇಳ್ತೀಯ. ನಾಳೆ ಯಾವನೋ ಬಂದು ಹಲ್ಲು ಕಿರಿದ್ರೆ ಕರಗಿ ನೀರಾಗ್ತೀಯ."

"ಟೀ ಕೂಡ ಕಾಯಿಸಲ್ಲ."

"ನನ್ನ ಕೈ ಮೇಲೆ ಕೈ ಇಟ್ಟು ಹೇಳು."

ಇಟ್ಟು ಹೇಳಿದಳು. ಏಳು ವರ್ಷದ ಸಂಸಾರದಲ್ಲಿ ಗಂಡ ಅವಳನ್ನು ಹೊಡೆದಿರಲಿಲ್ಲ, ಬೈದಿರಲೂ ಇಲ್ಲ. ಒಂದು ತುತ್ತು ಬಾಯಿಗಿಟ್ಟು, ತಟ್ಟೆಯನ್ನು ಒಂದೇ ಬೆರಳಿನಿಂದ ಗೇಣುದ್ದ ಆಚೆ ತಳ್ಳಿ, ಕೈ ತೊಳೆಯಲು ಏಳುತ್ತಿದ್ದ. ಅಷ್ಟೇ. ದಿನಕ್ಕೆ ಎರಡು ಸಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತಳ್ಳಿದ ತಟ್ಟೆಗೆ ಏನಂತ ಉತ್ತರ ಕೊಡುವುದು?

ಹೊಟ್ಟೆಪಾಡು ಮಾತ್ರ ಮತ್ತೆ ಅಡುಗೆಯದ್ದೇ ಆಯಿತು. ಮನೆಮನೆಗೆ ಮೀಲ್ ಕಿಟ್ ಕಳಿಸುವ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಳೆದಿಟ್ಟ ತರಕಾರಿ, ಅಕ್ಕಿ, ಚಿಟಿಕೆ ಚಿಟಿಕೆ ಮಸಾಲೆಯ ಪೊಟ್ಟಣ, ಎಲ್ಲ ಒಂದು ಬಾಕ್ಸಿನಲ್ಲಿ. ಮೇಲೊಂದು ಕಾರ್ಡು: ಮೊದಲು ಇದು, ಆಮೇಲೆ ಅದು. ಆ ಕಾರ್ಡು ಬರೆಯುವವಳು ಅವಳು. "ಕಂಪನಿಯ ಒಲೆ ಲೆಕ್ಕಕ್ಕಿಲ್ಲ, ಅಲ್ಲಿ ಸಂಬಳ ಕೊಡ್ತಾರೆ" ಎಂದು ಅಕ್ಕ ವಿನಾಯಿತಿ ಕೊಟ್ಟಿದ್ದಳು. ಆದರೂ ಫೋನಿಡುವ ಮುಂಚೆ ಒಮ್ಮೊಮ್ಮೆ ಕೇಳುತ್ತಿದ್ದಳು, "ಮಾತು ನೆನಪಿದೆ ತಾನೆ?"

ವಸಂತ ಬಂತೆಂದರೆ ಹೊಸ ಕಾರ್ಡುಗಳ ಪರೀಕ್ಷೆ. ಅಡುಗೆಯ ಗಂಧವೇ ಇಲ್ಲದವರ ಮನೆಯೊಂದನ್ನು ಹುಡುಕಿ, ಆರು ಭಾನುವಾರ ಅವರ ಅಡುಗೆಮನೆಯಲ್ಲಿ ಕೂರಬೇಕು. ಬಾಕ್ಸು ಬಿಚ್ಚಿದ ಕ್ಷಣದಿಂದ ಒಲೆ ಆರಿಸುವವರೆಗೆ ತುಟಿ ಬಿಚ್ಚುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ಪರೀಕ್ಷೆ ಮುಗಿಯುವವರೆಗೆ ಒಂದು ತುತ್ತು ತಿನ್ನುವಂತೆಯೂ ಇಲ್ಲ. ತಿಂದರೆ ಮನೆಯವರು ದಾಕ್ಷಿಣ್ಯಕ್ಕೆ ಬೀಳುತ್ತಾರೆ. ಕಾರ್ಡು ಬರೆದವಳು ತಾನೇ ಎಂದು ಹೇಳುವುದಂತೂ ಕೂಡದು.

ಆ ವರ್ಷದ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬೆಲ್ ಒತ್ತಿದಳು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ, ನಲವತ್ತು ದಾಟಿದ ಎತ್ತರದ ಗಂಡಸು ಬಾಗಿಲು ತೆಗೆದ.

ಫಾರ್ಮ್ ತೆಗೆದು ಕೇಳಿದಳು, "ತಮ್ಮ ಕೆಲಸ?"

"ಲಿಫ್ಟ್ ಮೆಕ್ಯಾನಿಕ್."

ಅವಳ ಕಣ್ಣು ತಾನಾಗಿ ಹಿಂದೆ, ಹತ್ತಿ ಬಂದ ಮೆಟ್ಟಿಲುಗಳ ಕಡೆ ಹೋಯಿತು.

"ಗೊತ್ತು ಮೇಡಂ, ಎಲ್ಲರೂ ಹೀಗೇ ನೋಡ್ತಾರೆ" ಎಂದು ಅವನು ನಕ್ಕ. "ಈ ಬಿಲ್ಡಿಂಗಿಗೆ ಲಿಫ್ಟ್ ಇದ್ದಿದ್ರೆ ನನಗೆ ಭಾನುವಾರವೂ ರಜೆ ಇರ್ತಿರಲಿಲ್ಲ."

ನಗುವಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಇದನ್ನು ತುಂಬಲು ಫಾರ್ಮಿನಲ್ಲಿ ಜಾಗ ಇರಲಿಲ್ಲ.

"ಮದುವೆ ಆಗಿಲ್ಲ ಅಂತ ಬರ್ಕೋ" ಎಂದಿತು ಒಳಗಿನಿಂದ ಒಂದು ಧ್ವನಿ. "ದಪ್ಪ ಅಕ್ಷರದಲ್ಲಿ ಬರ್ಕೋ."

"ಅಮ್ಮ, ಆ ಕಾಲಂ ಇಲ್ಲ ಅದರಲ್ಲಿ."

"ಇಲ್ದಿದ್ರೆ ಗೆರೆ ಎಳೆದು ಮಾಡ್ಕೊಳ್ಳಲಿ. ಪೆನ್ನಿಲ್ವಾ ಅವಳ ಹತ್ರ?"

ಅಮ್ಮ ಅಡುಗೆಮನೆಯ ಕಿಟಕಿಯ ಪಕ್ಕ, ದಿಂಬು ಹಾಕಿದ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಕೂತಿದ್ದರು. ಅರವತ್ತೈದು ತುಂಬಿದ ದಿನ ಅವರು ಅಡುಗೆಯಿಂದ ರಿಟೈರ್ ಆಗಿದ್ದರು. "ಇವನಪ್ಪ ಅರವತ್ತಕ್ಕೇ ರಿಟೈರ್ ಆದ್ರು, ಹಾರ ಹಾಕಿದ್ರು, ವಾಚು ಕೊಟ್ಟರು. ನಾನು ಐದು ವರ್ಷ ಜಾಸ್ತಿ ದುಡಿದೆ, ಒಂದು ಚಮಚವೂ ಕೊಡಲಿಲ್ಲ" ಎಂದು ಅವಳಿಗೆ ವಿವರಿಸಿದರು. ಎರಡು ವರ್ಷದಿಂದ ತಾಯಿ ಮಗ ಹೋಟೆಲಿನ ಪಾರ್ಸೆಲ್ ತಿಂದು ನಾಲಗೆ ಕೆಡಿಸಿಕೊಂಡಿದ್ದರು. ಈಗ ತಾನೇ ಅಡುಗೆ ಕಲಿಯುತ್ತೇನೆಂದು ಮಗ ಪಣತೊಟ್ಟಿದ್ದ. ಅಮ್ಮನ ಪಾಲಿನ ಕೆಲಸ ಒಂದೇ: ಭೂತಗನ್ನಡಿ ಹಿಡಿದು ಕಾರ್ಡು ಓದುವುದು. ಕಾರ್ಡಿನಲ್ಲಿ ಇಲ್ಲದ ಒಂದಕ್ಷರವನ್ನೂ ಹೇಳುವುದಿಲ್ಲ ಎಂದು ಅವರು ಶರತ್ತು ಹಾಕಿದ್ದರು. "ಒಂದು ಸಲ ಬಾಯಿ ಬಿಟ್ಟರೆ ನಾಳೆಯಿಂದ ಸೌಟು ನನ್ನ ಕೈಯಲ್ಲೇ ಇರುತ್ತೆ."

ಬಾಕ್ಸು ಬಿಚ್ಚಿದ್ದಾಯಿತು. ಅವಳು ಮೂಲೆಯ ಸ್ಟೂಲಿನ ಮೇಲೆ ಕೂತು ತುಟಿ ಹೊಲಿದುಕೊಂಡಳು.

ಅವನು ಅಡುಗೆ ಮಾಡುವ ರೀತಿ ಅವಳು ಎಲ್ಲೂ ಕಂಡಿರಲಿಲ್ಲ. ಲಿಫ್ಟಿನ ಕೆಲಸದಲ್ಲಿ ಪ್ರತಿ ಹೆಜ್ಜೆಯನ್ನೂ ಗಟ್ಟಿಯಾಗಿ ಕೂಗಬೇಕು, ಜೊತೆಗಾರ ಅದನ್ನೇ ತಿರುಗಿ ಹೇಳಬೇಕು. ಇಲ್ಲದಿದ್ದರೆ ಯಾರದೋ ಪ್ರಾಣ ಹೋಗುತ್ತದೆ. ಅದೇ ಅಭ್ಯಾಸ ಒಲೆಯ ಮುಂದೆಯೂ.

"ಈರುಳ್ಳಿ ಸಣ್ಣಗೆ ಹೆಚ್ಚಿ" ಎಂದು ಅಮ್ಮ ಓದುತ್ತಿದ್ದರು.

"ಈರುಳ್ಳಿ ಹೆಚ್ಚಿದೆ."

"ಹೆಚ್ಚಿದೆ. ಎಣ್ಣೆ ಬಿಸಿ ಮಾಡಿ."

"ಎಣ್ಣೆ ಬಿಸಿ!"

ಕಿಟಕಿಯಾಚೆ ಮರದ ತುಂಬ ಹೊಸ ಎಲೆ. ಬೆಳಕು ಅದರಲ್ಲಿ ಸೋಸಿ, ತಿಳಿಹಸಿರಾಗಿ ಅವನ ಮೊಣಕೈ ಮೇಲೆ ಬೀಳುತ್ತಿತ್ತು. ಗ್ರೀಸಿನ ಕಲೆ ಬಿಡದ ಬೆರಳುಗಳು. ಆದರೆ ಬಟಾಣಿ ಸುಲಿಯುವಾಗ ಎಂಥ ನಯ! ಒಂದು ಕಾಳು ಉರುಳಿ ಅವಳ ಕಾಲ ಹತ್ತಿರ ಬಂತು. ಅವನು ಬಗ್ಗಿ ಎತ್ತಿಕೊಂಡು, ಅಲ್ಲಿಂದಲೇ ತಲೆಯೆತ್ತಿ ಅವಳನ್ನು ನೋಡಿದ. ಅವಳು ತೊಡೆಯ ಮೇಲಿದ್ದ ಟಿಪ್ಪಣಿ ಪುಸ್ತಕ ನೋಡಿದಳು. ಪುಟ ಖಾಲಿ ಇತ್ತು.

ಎರಡನೇ ಭಾನುವಾರ ಬಟಾಣಿ ಅನ್ನ. ಅಮ್ಮ ಓದಿದರು: "ನೀರು ಕುದಿ ಬಂದ ಮೇಲೆ ಅಕ್ಕಿ ಹಾಕಿ, ಮುಚ್ಚಿ, ಹದಿನೈದು ನಿಮಿಷ ಬೇಯಿಸಿ." ಅವನು ಮುಚ್ಚಿ, ಗಡಿಯಾರ ನೋಡಿ, ಕೈ ಕಟ್ಟಿ ನಿಂತ. ಉರಿ ಭಗಭಗ ಉರಿಯುತ್ತಿತ್ತು.

ಉರಿ ಸಣ್ಣ ಮಾಡಿ ಎಂದು ಬರೆಯುವುದನ್ನೇ ಅವಳು ಮರೆತಿದ್ದಳು. ಅಡುಗೆ ಬಲ್ಲವರ ಕೈ ತಾನಾಗಿ ಹೋಗಿ ಉರಿ ತಗ್ಗಿಸುತ್ತದೆ. ಅದನ್ನು ಬರೆಯಬೇಕು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ತಲೆಯೆತ್ತಿದರೆ, ಅಮ್ಮನೂ ಅವಳನ್ನೇ ನೋಡುತ್ತಿದ್ದಾರೆ. ಇಬ್ಬರಿಗೂ ಗೊತ್ತು, ಇಬ್ಬರ ಬಾಯಿಗೂ ಬೀಗ. ಅಮ್ಮ ಹುಬ್ಬು ಕುಣಿಸಿದರು: ನೀನು ಹೇಳು. ಅವಳು ತಲೆಯಾಡಿಸಿದಳು: ಆಗಲ್ಲ, ನೀವು ಹೇಳಿ. ಅಮ್ಮ ಭೂತಗನ್ನಡಿಯಿಂದ ಮುಖ ಮುಚ್ಚಿಕೊಂಡರು. ಹದಿನೈದು ನಿಮಿಷ ಇಬ್ಬರು ಹೆಂಗಸರು ಒಂದು ಪಾತ್ರೆ ತಳ ಹಿಡಿಯುವುದನ್ನು ಮೂಕರಾಗಿ ನೋಡಿದರು.

ಮುಚ್ಚಳ ತೆಗೆದಾಗ ಹೊಗೆ ಎದ್ದಿತು. ಅವನು ಒಲೆ ಆರಿಸಿ, ಕರಿಯ ತಳವನ್ನು ಸೌಟಿನಿಂದ ಕೆರೆದು ನೋಡಿದ. ಯಾರ ಮೇಲೂ ರೇಗಲಿಲ್ಲ.

"ನಾನು ಕಾಗದದಲ್ಲಿರೋ ಹಾಗೇ ಮಾಡ್ದೆ ತಾನೆ ಅಮ್ಮ?"

"ಹಾಗೇ ಮಾಡ್ದೆ."

"ಹಾಗಾದ್ರೆ ಕಾಗದದಲ್ಲೇ ಏನೋ ಬಿಟ್ಟುಹೋಗಿದೆ. ಬರೆದವರಿಗೆ ಹೇಳಿ ಮೇಡಂ, ಬೇಜಾರು ಮಾಡ್ಕೋಬೇಡಿ ಅಂತಾನೂ ಹೇಳಿ. ನಮ್ಮಲ್ಲೂ ಆಗುತ್ತೆ. ಚೆನ್ನಾಗಿ ಗೊತ್ತಿರೋ ವಿಷಯವೇ ಬರೆಯೋವಾಗ ತಪ್ಪಿಹೋಗೋದು."

ಮೇಲಿನ ಅರ್ಧ ಬಿಳಿಯಾಗಿತ್ತು. ಅದನ್ನು ಬಿಡಿಸಿ ಅಮ್ಮನಿಗೆ ಬಡಿಸಿ, ತಳದ್ದನ್ನು ತಾನು ಹಾಕಿಕೊಂಡ. "ಕರುಂಕುರುಂ ಅಂತಿದೆ, ಪರವಾಗಿಲ್ಲ" ಎಂದು ಪೂರ್ತಿ ತಿಂದ. ಅವಳು ಬರೆಯುವುದು ಬಿಟ್ಟು ಆ ತಟ್ಟೆಯನ್ನೇ ನೋಡುತ್ತಿದ್ದಳು. ಕೊನೆಯ ಅಗುಳಿನವರೆಗೂ ಅದು ಅವನ ಮುಂದೆಯೇ ಇತ್ತು.

"ಏನೇ ಮೌನಗೌರಿ, ಮಾತಾಡಲ್ಲ, ತಿನ್ನಲ್ಲ, ನಿನಗೆ ಸಂಬಳ ಕೊಡೋ ಪುಣ್ಯಾತ್ಮ ಯಾರು?" ಎಂದು ಅಮ್ಮ ಕೇಳಿದರು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರು ಮೌನಗೌರಿ.

ಮೂರನೇ ವಾರ ಅವನು ಸ್ಟೂಲಿನ ಮೇಲೆ ದಿಂಬು ಹಾಕಿಟ್ಟಿದ್ದ. ನಾಲ್ಕನೇ ವಾರ ಮೆಟ್ಟಿಲ ತಿರುವಿನಲ್ಲಿ ಒಂದು ಕುರ್ಚಿ ಕಾಣಿಸಿತು. "ಎರಡನೇ ಮಹಡಿ ಅಜ್ಜಿಗೆ ಅಂತ ಇಟ್ಟೆ" ಎಂದ. ಎರಡನೇ ಮಹಡಿಯಲ್ಲಿ ಅಜ್ಜಿ ಯಾರೂ ಇಲ್ಲ ಎಂದು ಅಮ್ಮ ಆಮೇಲೆ ಹೇಳಿದರು.

ಆ ಹೊತ್ತಿಗೆ ಅವನು ಕೈ ಕುದುರಿಸಿಕೊಂಡಿದ್ದ, ತನ್ನದೇ ದಾರಿಯಲ್ಲಿ. ಅವಳು ಹುಟ್ಟಿದಾಗಿನಿಂದ ಅಡುಗೆಯನ್ನು ಮೂಗಿನಿಂದ ತಿಳಿದವಳು. ಅವನು ಕಿವಿಯಿಂದ ಕಲಿತ. ಮೋಟಾರಿಗೆ ಕಿವಿಗೊಡುವಂತೆ ಪಾತ್ರೆಯ ಕಡೆ ತಲೆ ವಾಲಿಸಿ, "ಸದ್ದು ಒಣಗ್ತಿದೆ, ನೀರು ಮುಗೀತು" ಎನ್ನುತ್ತಿದ್ದ. ಮುಗಿದೇ ಇರುತ್ತಿತ್ತು. ಕಣ್ಣು ಮುಚ್ಚಿ ಆಲಿಸುವಾಗ ಅವನ ಮುಖ ಎಷ್ಟು ಶಾಂತವಾಗಿರುತ್ತಿತ್ತೆಂದರೆ, ಅವನು ಕಣ್ಣು ಮುಚ್ಚಿದ ಆ ನಾಲ್ಕೈದು ಕ್ಷಣಕ್ಕಾಗಿಯೇ ಅವಳು ವಾರವಿಡೀ ಕಾಯುವಂತಾಯಿತು. ಆಗ ಮಾತ್ರ ಕಣ್ತುಂಬ ನೋಡಬಹುದಿತ್ತು.

ಐದನೇ ವಾರ ಒಲೆ ಆರಿಸಿದ ಮೇಲೆ ಅವನು ಕಾರ್ಡು ತಿರುಗಿಸುತ್ತ ಹೇಳಿದ, "ಇದನ್ನ ಬರೆದವರು ಒಬ್ಬರೇ ಇರೋದು ಅನ್ಸುತ್ತೆ ಮೇಡಂ."

"ಯಾಕೆ?"

"ನೋಡಿ. ಮೇಲೆ 'ಇಬ್ಬರಿಗೆ' ಅಂತಿದೆ. ಆದ್ರೆ ಕೆಲಸವೆಲ್ಲ ಒಂದೇ ಜೊತೆ ಕೈಗೆ. ಅಷ್ಟರಲ್ಲಿ ಅದು ಮಾಡಿ, ಅದರ ನಡುವೆ ಇದು ಮಾಡಿ. ಇನ್ನೊಬ್ಬರು ಏನ್ಮಾಡ್ತಾರೆ? ಸುಮ್ಮನೆ ಕೂತಿರ್ತಾರಾ? ಪಾಪ, ಪಕ್ಕದಲ್ಲಿ ಯಾರೂ ನಿಲ್ಲದೆ ಅಡುಗೆ ಮಾಡಿ ಮಾಡಿ ಅಭ್ಯಾಸ ಆಗಿರೋರು."

ಅವಳು ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಒಂದನೇ ಮಹಡಿಗೆ ಇಳಿದ ಮೇಲೆ ಗೋಡೆಗೆ ಒರಗಿ ನಿಂತು ಕಣ್ಣೊರೆಸಿಕೊಂಡಳು.

ಆ ವಾರ ಅಕ್ಕ ಫೋನ್ ಮಾಡಿದಾಗ, "ದನಿ ಯಾಕೋ ಬೇರೆ ಥರ ಇದೆಯಲ್ಲ? ಮಾತು ನೆನಪಿದೆ ತಾನೆ?" ಎಂದಳು.

"ಇದೆ ಅಕ್ಕ" ಎಂದಳು. ನೆನಪಿದ್ದದ್ದೇ ತೊಂದರೆಯಾಗಿತ್ತು. ಅವನನ್ನು ಬಯಸುವುದೆಂದರೆ ಮತ್ತೆ ಒಂದು ಒಲೆಯ ಮುಂದೆ ನಿಂತು, ಹಿಂದಿನಿಂದ ತಟ್ಟೆ ಸರಿಯುವ ಸದ್ದಿಗೆ ಕಾಯುವುದು. ಅವಳಿಗೆ ಗೊತ್ತಿದ್ದ ಸಂಸಾರ ಅದೊಂದೇ. ಆರನೇ ಭಾನುವಾರ ಹೋಗುವುದು, ಸಹಿ ಹಾಕಿಸುವುದು, ಇಳಿದು ಬರುವುದು. ಹಾಗೆಂದು ಗಟ್ಟಿ ಮನಸ್ಸು ಮಾಡಿದಳು.

ಬಾಗಿಲು ತೆಗೆದವನ ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಕೆಲಸದಲ್ಲಿ ಉಳುಕಿತ್ತು.

"ಅಯ್ಯೋ, ಪರೀಕ್ಷೆ ಮುಂದಕ್ಕೆ ಹಾಕೋಣ."

"ಯಾಕೆ ಮೇಡಂ? ನಿಮ್ಮ ಗಿರಾಕಿಗಳಲ್ಲಿ ಕೈ ಉಳುಕಿದೋರು ಇರಲ್ವಾ? ಒಂದು ಕೈಯಲ್ಲಿ ಎಷ್ಟು ಹೊತ್ತಾಗುತ್ತೆ ಅಂತ ಅದನ್ನೂ ಬರ್ಕೊಳ್ಳಿ."

ಆಲೂಗಡ್ಡೆ ಜಾರದಂತೆ ಒದ್ದೆ ಬಟ್ಟೆಯ ಮೇಲಿಟ್ಟು, ಎಡಗೈಯಿಂದ ಹೆಚ್ಚಿದ. ಪೊಟ್ಟಣಗಳನ್ನು ಹಲ್ಲಿನಿಂದ ಹರಿದ. ನಲವತ್ತು ನಿಮಿಷದ ಅಡುಗೆಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಅವಳು ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ಏಳುವ ಕೈಕಾಲನ್ನು ತಡೆಯುವುದೇ ದೊಡ್ಡ ಕೆಲಸವಾಗಿತ್ತು.

"ಒಲೆ ಆಫ್."

"ಒಲೆ ಆಫ್" ಎಂದರು ಅಮ್ಮ. ತಮ್ಮ ತಟ್ಟೆ ತೆಗೆದುಕೊಂಡು, "ನಾನು ಬಾಲ್ಕನಿ ಬಿಸಿಲಲ್ಲಿ ತಿಂತೀನಿ. ಇಲ್ಲಿ ಗಾಳಿ ಬರಲ್ಲ" ಎಂದು, ಗಾಳಿ ಬೀಸುತ್ತಿದ್ದ ಕಿಟಕಿಯ ಪಕ್ಕದಿಂದಲೇ ಎದ್ದು ಹೋದರು.

ಅವನು ಎಡಗೈಯಲ್ಲಿ ವಕ್ರವಾಗಿ ಸಹಿ ಹಾಕಿದ. ಆಮೇಲೆ ಒಂದು ತಟ್ಟೆ ತುಂಬಿ ಅವಳ ಮುಂದಿಟ್ಟ. "ಪರೀಕ್ಷೆ ಮುಗೀತಲ್ಲ. ಈಗಾದ್ರೂ ತಿನ್ನಿ."

ತಿಂದಳು. ಆಲೂಗಡ್ಡೆಯ ಒಂದು ಹೋಳು ಬೆಂದಿತ್ತು, ಪಕ್ಕದ್ದು ಇನ್ನೂ ಗಟ್ಟಿ. ಕೂತಲ್ಲಿಗೆ ಬಿಸಿ ತಟ್ಟೆ ಬಂದು ಎಷ್ಟು ವರ್ಷವಾಗಿತ್ತೋ, ಅವಳಿಗೆ ಲೆಕ್ಕ ಸಿಗಲಿಲ್ಲ.

"ಚೆನ್ನಾಗಿಲ್ವಾ? ಕಣ್ಣಲ್ಲಿ ನೀರು ಬರ್ತಿದೆ. ಖಾರ ಜಾಸ್ತಿ ಆಯ್ತಾ?"

"ಖಾರದ ಪೊಟ್ಟಣಕ್ಕೆ ಎರಡು ಗ್ರಾಂ ಅಂತ ಬರೆದಿದ್ದು ನಾನೇ. ಜಾಸ್ತಿ ಆಗೋ ಹಾಗಿಲ್ಲ."

ಅವನಿಗೆ ಅರ್ಥವಾಗಲು ಎರಡು ಕ್ಷಣ ಹಿಡಿಯಿತು. ಮುಖ ಕೆಂಪಾಯಿತು. "ನೀವಾ? ಅಯ್ಯೋ ದೇವರೇ. ಪಾಪ ಅಂದುಬಿಟ್ಟೆನಲ್ಲ ನಾನು!"

"ನಿಜಾನೇ ಅಂದ್ರಿ."

ಆಮೇಲೆ ಅವನು ಕೇಳಿದ, "ಮುಂದಿನ ಭಾನುವಾರ?"

"ಮುಂದಿನ ಭಾನುವಾರ ಬಾಕ್ಸ್ ಬರಲ್ಲ."

"ಬಾಕ್ಸ್ ಬರುತ್ತಾ ಅಂತ ಕೇಳಲಿಲ್ಲ ನಾನು."

ಅವಳು ತಟ್ಟೆಯ ಅಂಚನ್ನು ನೋಡುತ್ತ ಎಲ್ಲ ಹೇಳಿದಳು: ಸೂಟ್‌ಕೇಸು, ಕುಕ್ಕರು, ಅಕ್ಕನ ಕೈ, ಕೊಟ್ಟ ಮಾತು. ಅವನು ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳಿದ.

"ಒಳ್ಳೆ ಮಾತೇ ಕೊಟ್ಟಿದ್ದೀರಿ. ಮುರೀಬೇಡಿ" ಎಂದ ಕೊನೆಗೆ. "ನಾನು ಅಡುಗೆಯವರನ್ನ ಹುಡುಕ್ತಿಲ್ಲ. ಈ ಮನೇಲಿ ಆಗಲೇ ಒಬ್ಬರು ರಿಟೈರ್ ಆಗಿದ್ದಾರೆ, ನೀವು ಎರಡನೆಯವರಾಗಿ. ನಾನು ಮಾಡ್ತೀನಿ, ನೀವು ಕೂತ್ಕೊಂಡು ನೋಡಿ. ನೀವು ನೋಡ್ತಾ ಇದ್ರೆ ನನ್ನ ಅಡುಗೆ ಚೆನ್ನಾಗಿ ಬರುತ್ತೆ. ನಾನು ನಿಮಗೆ ಇಷ್ಟ ಆಗಿದ್ದೀನಾ? ಅದೊಂದು ಹೇಳಿ, ಸಾಕು."

"ಎರಡನೇ ಭಾನುವಾರದಿಂದ."

"ತಳ ಹಿಡಿಸಿದ ದಿನವಾ?"

"ಅದೇ ದಿನ."

ಅವನ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಅವಳು ನಗುತ್ತ ಕೊನೆಯ ತುತ್ತು ತಿಂದು, ಇನ್ನಷ್ಟು ಹಾಕಿಸಿಕೊಳ್ಳೋಣ ಎಂದು ಪಾತ್ರೆಯ ಕಡೆ ಬಗ್ಗಿದಳು. ಪಾತ್ರೆ ಖಾಲಿ. ಬಾಕ್ಸು ಇಬ್ಬರದ್ದು. ಒಂದು ಪಾಲು ಬಾಲ್ಕನಿಗೆ ಹೋಗಿತ್ತು, ಇನ್ನೊಂದು ಅವಳ ಹೊಟ್ಟೆಯಲ್ಲಿತ್ತು.

"ನಿಮ್ಮ ಊಟ?"

"ನನಗೇನು ಅಂಥ ಹಸಿವಿಲ್ಲ."

"ಬೆಳಿಗ್ಗೆ ಏನ್ ತಿಂದ್ರಿ?"

ಅವನು ಕಿಟಕಿಯ ಹೊರಗೆ ನೋಡಿದ.

ಅವಳು ಎದ್ದು ಕೈ ತೊಳೆದಳು. ಫ್ರಿಜ್ ತೆಗೆದರೆ ನಾಲ್ಕು ಮೊಟ್ಟೆ, ಅರ್ಧ ಈರುಳ್ಳಿ. "ಬೇಡ, ಬೇಡ, ಅಕ್ಕನಿಗೆ ಕೊಟ್ಟ ಮಾತು" ಎಂದು ಅವನು ಎದ್ದು ಅಡ್ಡ ಬಂದ. ಅವಳು ಅವನ ಭುಜ ಹಿಡಿದು ಆ ದಿಂಬಿನ ಸ್ಟೂಲಿನ ಮೇಲೆ ಕೂರಿಸಿದಳು. ಯಾರೂ ಕೇಳಿರಲಿಲ್ಲ, ಯಾರೂ ಕಾಯುತ್ತಿರಲಿಲ್ಲ. ಅವಳ ಕೈಗೆ ಆಸೆಯಾಗಿತ್ತು.

"ಅಕ್ಕನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ" ಎಂದಳು.

ಮಧ್ಯಾಹ್ನ ಒಂದೂಮುಕ್ಕಾಲಿಗೆ ಅವಳು ಆ ಮನೆಯ ಒಲೆ ಹಚ್ಚಿದಳು. ಹನ್ನೊಂದು ವರ್ಷದ ಹಿಂದೆ ಕೊಟ್ಟ ಮಾತು ಮುರಿಯಿತು.